ಇರುವೆ ದೊಡ್ಡದೋ, ಆನೆ ದೊಡ್ಡದೋ

ಕಲ್ಲಿದ್ದಲ ಹೊಗೆಯುಗುಳುವ ಆ ರೈಲು ಈಗಿಲ್ಲ. ಖಾನಾಪುರದ ರತ್ನಮಾಲಾ ಅದರಲ್ಲೇ ದಿನವೂ ಬೆಳಗಾವಿಯ ಕಾಲೇಜಿಗೆ ಹೋಗಿಬರುತ್ತಿದ್ದಳು. ೧೯೭೯ರ ಆ ಚಳಿಗಾಲದಲ್ಲಿ ಆಕೆಗೆ ಒಂದೇ ಚಿಂತೆ. ಬಿ.ಎ. ಕೊನೆಯ ವರ್ಷ, ಮನಃಶಾಸ್ತ್ರದ ಪ್ರಯೋಗವೊಂದನ್ನು ಮಾಡಿ ಜರ್ನಲ್‌ನಲ್ಲಿ ಬರೆದೊಪ್ಪಿಸಬೇಕು. ಅದರಲ್ಲಿ ಅಂಕ ಕಡಿಮೆಯಾದರೆ ಫಸ್ಟ್ ಕ್ಲಾಸ್ ಹೋಯಿತು, ಧಾರವಾಡದ ಎಂ.ಎ. ಸೀಟೂ ಹೋಯಿತು.

ಪ್ರಯೋಗವೇನೋ ನೋಡಲು ಹುಡುಗಾಟ. ಎರಡು ಪ್ರಾಣಿಗಳ ಹೆಸರು ಹೇಳಿ ಯಾವುದು ದೊಡ್ಡದು ಎಂದು ಕೇಳುವುದು, ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಸ್ಟಾಪ್‌ವಾಚಿನಲ್ಲಿ ನೋಡುವುದು. ಗಾತ್ರದ ಅಂತರ ಹೆಚ್ಚಿದ್ದಷ್ಟೂ ಉತ್ತರ ಬೇಗ ಬರಬೇಕು. ಆಕಳು-ಎಮ್ಮೆ ಎಂದರೆ ಯಾರಾದರೂ ತುಸು ತಡವರಿಸುತ್ತಾರೆ. ಇರುವೆ-ಆನೆ ಎಂದರೆ ಕೇಳಿ ಮುಗಿಸುವುದರೊಳಗೆ ಉತ್ತರ. ಓಣಿಯ ಹತ್ತು ಜನ ಹಾಗೆಯೇ ಹೇಳಿ ಪುಣ್ಯ ಕಟ್ಟಿಕೊಂಡರು. ಹನ್ನೊಂದನೆಯವಳು ಮನೆಯವಳೇ, ಅಜ್ಜಿ ತಾರಾಬಾಯಿ.

ತಾರಾಬಾಯಿಗೆ ಓದುಬರಹ ಬಾರದು. ಹೊತ್ತು ಮುಳುಗುವ ಮೊದಲೇ ಉಣ್ಣುವ, ಇರುವೆ ಸಾಲು ಕಂಡರೆ ಅಂಗಳವನ್ನೇ ಸುತ್ತಿ ಹೋಗುವ ಜೈನ ಮುದುಕಿ. ತನ್ನ ಹೆಸರು ಕಾಲೇಜಿನ ಪುಸ್ತಕದಲ್ಲಿ ಬರುತ್ತದೆಂದು ಕೇಳಿ, ಬಸದಿಗೆ ಉಡುವ ಸೀರೆ ಉಟ್ಟು ಬಂದು ಕುಳಿತಳು. ಆಕಳು-ಎಮ್ಮೆಗೆ ತಟ್ಟನೆ ಎಮ್ಮೆ ಎಂದಳು. ಇರುವೆ-ಆನೆ ಎಂದಾಗ ಮಾತ್ರ ಸುಮ್ಮನಾದಳು. ಮುಳ್ಳು ಓಡುತ್ತಲೇ ಇತ್ತು. ಹದಿನಾಲ್ಕು ಸೆಕೆಂಡು.

"ಮೈಯಾಗ ಆನಿ ದೊಡ್ಡದು," ಎಂದಳು ಕೊನೆಗೆ. "ಜೀವದಾಗ ಎರಡೂ ಸಮ. ನೀ ಯಾವುದನ್ನ ಕೇಳಿದಿ?"

ರತ್ನಮಾಲಾಳ ಕೋಷ್ಟಕ ಕೆಟ್ಟು ಕೆರ ಹಿಡಿಯಿತು.

ಕಾಲೇಜಿನಲ್ಲಿ ಗುರುಪುತ್ರಪ್ಪ ಸರ್ ಅದನ್ನು ನೋಡಿ ನಕ್ಕರು. ಮುದುಕಿಗೆ ಪ್ರಶ್ನೆಯೇ ತಿಳಿದಿಲ್ಲ, ಆಕೆಯನ್ನು ಕೈಬಿಟ್ಟು ಹತ್ತೇ ಜನರ ಮೇಲೆ ಬರೆ ಎಂದರು. ಅವರ ಪ್ರಯೋಗಾಲಯದಲ್ಲಿ ಒಂದು ಕಟ್ಟುನಿಟ್ಟಿತ್ತು. ಬರೆದದ್ದನ್ನು ರಬ್ಬರಿನಿಂದ ಅಳಿಸಕೂಡದು. ಕೆಳಗಿನದು ಓದಲು ಬರುವಂತೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆಯಬೇಕು. ರತ್ನಮಾಲಾ ಕಚ್ಚಾ ವಹಿಯಲ್ಲಿ ಅಜ್ಜಿಯ ಹೆಸರಿನ ಮೇಲೆ ಗೆರೆ ಎಳೆದಳು. ಅದಕ್ಕೆ ಒಂದು ಸೆಕೆಂಡೂ ಹಿಡಿಯಲಿಲ್ಲ. ಆಮೇಲೆ ಆಕೆಯನ್ನು ಕಾಡಿದ್ದು ಅದೇ.

ಮನೆಗೆ ಬಂದರೆ ಅಜ್ಜಿ, ಹೆಸರು ತೋರಿಸು ಎಂದು ಬೆನ್ನು ಹತ್ತಿದಳು. ಅಕ್ಷರ ಬಾರದವಳಿಗೆ ಏನು ತಿಳಿದೀತು ಎಂದುಕೊಂಡು ರತ್ನಮಾಲಾ ವಹಿ ತೆರೆದಳು. ಕೆಂಪು ಗೆರೆ ಎಂದರೆ ಮರ್ಯಾದೆಯ ಗುರುತು ಎಂದು ಬಾಯಿಗೆ ಬಂದ ಸುಳ್ಳು ಹೇಳಿದಳು.

ಅಜ್ಜಿ ಆ ಹೆಸರನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

"ನಿಮ್ಮಜ್ಜ ಹ್ವಾದಾಗ ರೇಶನ್ ಕಾರ್ಡಿನ್ಯಾಗ ಹಿಂತಾ ಗೆರಿನ ಎಳದಿದ್ರವ್ವಾ," ಎಂದಳು. "ನಾ ಇನ್ನೂ ಅದೀನಿ."

ಮರುದಿನ ರತ್ನಮಾಲಾ ಸರ್ ಬಳಿ ಹೋಗಿ, ಜರ್ನಲ್‌ನಲ್ಲಿ ಹನ್ನೊಂದು ಜನರನ್ನೂ ಸೇರಿಸಿಯೇ ಬರೆಯುತ್ತೇನೆಂದಳು. ಅಂಕ ಹೋದರೆ ತನ್ನನ್ನು ಕೇಳಬೇಡ ಎಂದು ಅವರು ಎಚ್ಚರಿಸಿದರು. ಆಕೆ ಚರ್ಚೆಯ ಭಾಗದಲ್ಲಿ ಹೀಗೆ ಬರೆದಳು: ದೊಡ್ಡದು ಎಂದರೆ ಯಾವುದರಲ್ಲಿ ಎಂದು ನಾನು ಹೇಳಿರಲಿಲ್ಲ, ತಪ್ಪು ಪ್ರಶ್ನೆಯದು. ಪರೀಕ್ಷಕರು ಎಂಟು ಅಂಕ ಕಳೆದರು. ಫಸ್ಟ್ ಕ್ಲಾಸ್ ಎರಡೇ ಅಂಕದಲ್ಲಿ ಕೈಜಾರಿತು, ಅದರ ಹಿಂದೆಯೇ ಧಾರವಾಡ. ಆಕೆ ಬಿ.ಎಡ್. ಮುಗಿಸಿ ಪಾರಿಶ್ವಾಡದ ಶಾಲೆಗೆ ಶಿಕ್ಷಕಿಯಾಗಿ ಸೇರಿದಳು.

೧೯೮೫ರಲ್ಲಿ ಅಜ್ಜಿ ತೀರಿಕೊಂಡಳು. ತಿಂಗಳ ಮೇಲೆ ರತ್ನಮಾಲಾ ರೇಶನ್ ಕಾರ್ಡು ಹಿಡಿದು ಕಚೇರಿಗೆ ಹೋದಳು. ಗುಮಾಸ್ತ ತಲೆಯೆತ್ತದೆ, ಅಜ್ಜನ ಹೆಸರಿನ ಕೆಳಗಿದ್ದ ಅಜ್ಜಿಯ ಹೆಸರಿಗೂ ಕೆಂಪು ಗೆರೆ ಎಳೆದ.

ಮನೆಗೆ ಬಂದವಳೇ ಟ್ರಂಕಿನ ತಳದಿಂದ ಹಳೆಯ ಜರ್ನಲ್ ತೆಗೆದಳು. ಹನ್ನೊಂದನೆಯ ಸಾಲು. ತಾರಾಬಾಯಿ, ವಯಸ್ಸು ಅರವತ್ತೆಂಟು, ಇರುವೆ-ಆನೆ, ಹದಿನಾಲ್ಕು ಸೆಕೆಂಡು. ಬಸದಿಯ ಸೀರೆಯುಟ್ಟು ಯೋಚಿಸುತ್ತ ಕುಳಿತ ಅಜ್ಜಿ ಕಣ್ಣೆದುರು ಬಂದು, ರತ್ನಮಾಲಾಳಿಗೆ ಅಳು ತಡೆಯಲಾಗಲಿಲ್ಲ. ಇಲ್ಲಿ ಆ ಹೆಸರಿನ ಮೇಲೆ ಗೆರೆ ಇರಲಿಲ್ಲ.