ಮನೋರಿಯ ಹಸಿರು ಬಳೆಗಳು

ದೆವ್ವ, ಗಾಳಿ, ಸೋಕು, ದೃಷ್ಟಿ, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟಿನ ಬಾಗಿಲಿಗೂ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಮಹಾನುಭಾವರಿದ್ದಾರೆ. ಅವರನ್ನು ಆಡಿಕೊಂಡು ನಗುವುದರಲ್ಲಿ ನಾನೇ ಮುಂದು. ವಿಮಾ ಕಚೇರಿಯಲ್ಲಿ ಕೂತು ಸತ್ತವರ ಕಾಗದಪತ್ರ ನೋಡಿ ನೋಡಿಯೇ ರಿಟೈರ್ ಆದವಳು ನಾನು. ಮನುಷ್ಯ ಯಾವ ಯಾವ ಕಾರಣಕ್ಕೆ ಸಾಯುತ್ತಾನೆ ಅನ್ನುವುದು ನನಗೆ ಬಾಯಿಪಾಠ, ಅದರಲ್ಲಿ ದೃಷ್ಟಿ ತಗುಲಿ ಸತ್ತವರು ಒಬ್ಬರೂ ಇರಲಿಲ್ಲ. ಈಗ ನಂಬಲು ಶುರು ಮಾಡಿದ್ದೇನೆ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಂಬದೆ ಇರುವುದು ಮೊದಲಿನಷ್ಟು ಸಲೀಸಾಗಿಲ್ಲ, ಅಷ್ಟೇ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕ ಮೈಸೂರಿನಿಂದ ಭಾವನನ್ನು ಕರೆದುಕೊಂಡು ಮುಂಬೈಗೆ ಬಂದಿದ್ದಳು. ಭಾವನಿಗೆ ಹೊಟ್ಟೆಯಲ್ಲಿ ಗಡ್ಡೆ. ಪರೇಲಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಗಿ, ಚೆನ್ನಾಗಿಯೇ ಆಗಿ, ಡಾಕ್ಟರುಗಳು ನಗುನಗುತ್ತಾ ಮಾತಾಡುವ ಹಂತಕ್ಕೆ ಬಂದಿತ್ತು. ಅಕ್ಕ ದಿನಾ ಬೆಳಿಗ್ಗೆ ನಮ್ಮ ಮನೆಯಿಂದ ಗಂಜಿ ಡಬ್ಬಿ ಹಿಡಿದು ಲೋಕಲ್ ಹತ್ತುವಳು, ಸಂಜೆ ಖಾಲಿ ಡಬ್ಬಿಯೊಂದಿಗೆ ಇಳಿಯುವಳು. ಇಷ್ಟು ದೊಡ್ಡ ಊರಿನಲ್ಲಿ ಅವಳು ನೋಡಿದ್ದು ಆಸ್ಪತ್ರೆಯ ಕ್ಯಾಂಟೀನು ಮತ್ತು ಲೇಡೀಸ್ ಡಬ್ಬ, ಎರಡೇ.

ಅದನ್ನು ನೋಡಲಾರದೆ ನನ್ನ ಮಗಳು ಮೊಬೈಲಿನಲ್ಲಿ ಒಂದು ಟೂರ್ ಬುಕ್ ಮಾಡಿಬಿಟ್ಟಳು. ನಮ್ಮಿಬ್ಬರಿಗೇ ಒಂದು ಕಾರು, ಒಬ್ಬ ಗೈಡು, ನಮಗೆಂದೇ ಒಂದು ದೋಣಿ. ಮಢ್, ಅಕ್ಸಾ ಬೀಚು ನೋಡಿಕೊಂಡು ಮಾರ್ವೆಯಲ್ಲಿ ಸಮುದ್ರದ ನೀರು ಒಳನುಗ್ಗಿದ ಖಾರಿಯನ್ನು ದೋಣಿಯಲ್ಲಿ ದಾಟಿ, ಮನೋರಿ ಗೊರಾಯಿ ಕರಾವಳಿಯೆಲ್ಲ ಸುತ್ತಿ ಸಂಜೆ ಮನೆಗೆ. ಫಾರಿನ್ನಿನವರು ಮಾಡುವ ಕೆಲಸ. ಗಂಡ ಆಸ್ಪತ್ರೆಯಲ್ಲಿ ಮಲಗಿರುವಾಗ ಹೆಂಡತಿ ಸಮುದ್ರ ನೋಡಲು ಹೋದಳು ಅಂದರೆ ಜನ ಏನಂದಾರು ಎಂದು ಅಕ್ಕ ಒಂದೇ ಸಮ ರಾಗ ಎಳೆದಳು. ಕೊನೆಗೆ ಭಾವನೇ, ದಿನಾ ಎದುರಿಗೆ ಕೂತು ನನ್ನ ಮುಖ ಕಾಯುತ್ತೀಯಲ್ಲ, ನನಗೂ ಒಂದು ದಿನ ರಜ ಕೊಡು ಮಾರಾಯ್ತಿ ಎಂದು ನಗಿಸಿ ಒಪ್ಪಿಸಿದರು. ಆ ದಿನ ಅವರ ಹತ್ತಿರ ನನ್ನ ಯಜಮಾನರು ಕೂತರು.

ಇಲ್ಲಿ ಒಂದು ವಿಷಯ ಹೇಳಬೇಕು. ಅಕ್ಕನ ಕೈ ಯಾವತ್ತೂ ಗಾಜಿನ ಬಳೆಗಳಿಂದ ತುಂಬಿರುತ್ತಿತ್ತು. ಚಿನ್ನದ್ದನ್ನು ಮೈಸೂರಿನಲ್ಲೇ ಬಿಟ್ಟು ಬಂದಿದ್ದಳು, ಗಾಜಿನದು ಮಾತ್ರ ಎರಡೂ ಕೈಗೆ ಭರ್ತಿ. ನಾನು ಲೋಕಲ್ ರೈಲಿನ ನೂಕುನುಗ್ಗಲಿಗೆ ಹೆದರಿ ಬಳೆ ಬಿಟ್ಟು ಯಾವ ಕಾಲವಾಯಿತೋ. ನನ್ನ ಕೈ ಹಿಡಿದು, ಈ ಬೋಳು ಕೈ ನೋಡಿದರೆ ಹೊಟ್ಟೆ ಉರಿಯುತ್ತೆ ಕಣೇ ಅನ್ನುವಳು. ವಾರ್ಡಿಗೆ ಡಾಕ್ಟರು ಬಂದಾಗಲೆಲ್ಲ ಅವಳ ಬೆರಳು ತಾನಾಗಿ ಬಳೆಗಳ ಮೇಲೆ ಹೋಗುತ್ತಿತ್ತು. ನಾನು ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ, ಪಾಪ ಅನಿಸುತ್ತಲೂ ಇತ್ತು.

ಗೈಡು ಈರಣ್ಣ ಅಂತ. ಅಪ್ಪ ಅಮ್ಮ ವಿಜಯಪುರದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು, ಇವನು ಮಲಾಡಿನಲ್ಲೇ ಬೆಳೆದವನು. ಕನ್ನಡದವರು ಎಂದು ಗೊತ್ತಾಗುವವರೆಗೆ ನಮ್ಮಿಬ್ಬರಿಗೇ ‘ಲೇಡೀಸ್ ಅಂಡ್ ಜಂಟಲ್‌ಮೆನ್’ ಎಂದು ಇಂಗ್ಲಿಷಿನಲ್ಲಿ ಭಾಷಣ ಮಾಡಿದ. ಗೊತ್ತಾದ ಮೇಲೆ ಬಾಯಿಗೆ ಬಂದ ಕಥೆ ಬಿಟ್ಟ. ಕಂಡ ಕಂಡ ಬಂಗಲೆಯೆಲ್ಲ ಯಾವುದೋ ಸಿನಿಮಾ ನಟಿಯದ್ದು, ಪಾಳು ಗೋಡೆಯೆಲ್ಲ ಪೋರ್ಚುಗೀಸರದ್ದು. ಅಕ್ಕ ಎಷ್ಟೋ ದಿನದ ಮೇಲೆ ಬಾಯಿತುಂಬ ನಕ್ಕಳು. ಅಕ್ಸಾದಲ್ಲಿ ನೀರಿಗೆ ಕಾಲು ಕೊಟ್ಟು ನಿಂತು, ಇವರನ್ನೂ ಕರ್ಕೊಂಡು ಬರಬೇಕು ಕಣೇ, ಡಿಸ್ಚಾರ್ಜ್ ಆದ ಮೇಲೆ, ಅಂದಳು.

ಮನೋರಿಯಲ್ಲಿ ದೋಣಿಯಿಂದ ಇಳಿಯುವಾಗ ಅವಳ ಕಾಲು ಜಾರಿತು. ಬೀಳಲಿಲ್ಲ, ಆದರೆ ಆತುಕೊಳ್ಳಲು ಹೋದ ಬಲಗೈ ದೋಣಿಯ ಅಂಚಿಗೆ ಬಡಿದು ಆ ಕೈಯ ಬಳೆಗಳೆಲ್ಲ ಚೂರಾದವು. ಒಂದೂ ಉಳಿಯಲಿಲ್ಲ. ಬಳೆ ಹೆಚ್ಚಿತಲ್ಲೇ ಅಂದಳು ಅಕ್ಕ. ಒಡೆಯಿತು ಎಂದು ನಮ್ಮ ಮನೆಯ ಹೆಂಗಸರು ಬಾಯಲ್ಲಿ ಆಡುವುದಿಲ್ಲ. ಮುಖ ಬಿಳಿಚಿಕೊಂಡಿತ್ತು. ಎಡಗೈಯಿಂದ ಎರಡು ತೆಗೆದು ಹಾಕಿಕೋ ಅಂದೆ. ಎಣ್ಣೆ ಹಚ್ಚಿ ತೊಡಿಸಿದ ಬಿಗಿ ಬಳೆ, ಬರಲಿಲ್ಲ. ಹತ್ತಿರದಲ್ಲಿ ಬಳೆ ಅಂಗಡಿ ಇಲ್ಲ ಎಂದ ಈರಣ್ಣ. ಅಕ್ಕ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ ಸಮುದ್ರವೂ ಬೇಡ, ಮೀನುಗಾರರ ಹಳ್ಳಿಯೂ ಬೇಡ. ಬೇಗ ಆಸ್ಪತ್ರೆಗೆ ಹೋಗೋಣ ಅನ್ನುವುದೊಂದೇ ಮಾತು.

ಊಟ ಮುಗಿಸಿಯೇ ಹೊರಡೋಣ ಎಂದು ನಾನು ಒಪ್ಪಿಸಿದೆ. ಊಟಕ್ಕೆ ಮುಂಚೆ ಈರಣ್ಣ ಕಪ್ಪು ಬಂಡೆಗಳಿರುವ ಒಂದು ಮೂಲೆಗೆ ಕರೆದುಕೊಂಡು ಹೋದ. ನೀರು ಇಳಿದಿತ್ತು. ಬಂಡೆಯ ಒಂದು ತಗ್ಗಿನಲ್ಲಿ ಹಸಿರು ರವಿಕೆಕಣ, ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ಅದರ ಮೇಲೆ ಹಸಿರು ಗಾಜಿನ ಬಳೆಗಳು. ಯಾರೋ ಸಮುದ್ರಕ್ಕೆ ಮಡಿಲು ತುಂಬಿ ಹೋಗಿದ್ದರು. ಅಕ್ಕನ ಕಣ್ಣು ಬಳೆಗಳ ಮೇಲೆ ನಿಂತುಬಿಟ್ಟಿತು. ನಾನು ನೋಡುತ್ತಿದ್ದ ಹಾಗೇ ಕೂತು ಕೈಮುಗಿದು ನಾಲ್ಕು ಬಳೆ ತೆಗೆದು ಬಲಗೈಗೆ ಏರಿಸಿಕೊಂಡಳು. ಅಳತೆ ಮಾಡಿಸಿದ ಹಾಗೆ ಕೂತವು.

"ಬ್ಯಾಡ್ರೀ ಅಕ್ಕಾರ, ಅದು ಸಮುದ್ರಕ್ಕ ತುಂಬಿದ ಉಡಿ. ಮಂದಿ ಮುಟ್ಟಂಗಿಲ್ರಿ ಅದನ್ನ," ಅಂದ ಈರಣ್ಣ.

ಇವನ್ನು ಮತ್ತೆ ತಂದು ಇಲ್ಲೇ ಇಡಲು ಆಗುವುದಿಲ್ಲ, ಬದಲಿಗೆ ಮಾಟುಂಗದ ದೇವಸ್ಥಾನದಲ್ಲಿ ಎರಡರಷ್ಟು ಬಳೆ ಕೊಡುತ್ತೇನೆ, ತಾಯಿ ಬೇಜಾರು ಮಾಡಿಕೊಳ್ಳುವುದಿಲ್ಲ ಅಂದಳು ಅಕ್ಕ. ನಾನು ಸುಮ್ಮನಿರಬೇಕಿತ್ತು. ನನ್ನ ಬಾಯಿ ಗೊತ್ತಲ್ಲ.

"ಸಮುದ್ರಕ್ಕೆ ಬಳೆ ತೊಡೋಕೆ ಕೈ ಎಲ್ಲಿದೆಯಪ್ಪಾ?" ಅಂದೆ. ಈರಣ್ಣ ನಗಲಿಲ್ಲ. ಊಟದ ವ್ಯವಸ್ಥೆ ವಿಚಾರಿಸುತ್ತೇನೆ ಎಂದು ಫೋನ್ ಹಿಡಿದು ದಂಡೆಯ ಕಡೆಗೆ ಹೋದ.

ಅಕ್ಕನಿಗೆ ಜೀವ ಬಂದ ಹಾಗಾಗಿತ್ತು. ಬಂಡೆಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. ನೀರು ಅವಳ ಮೊಣಕಾಲಿನವರೆಗೂ ಇರಲಿಲ್ಲ, ಅಲೆಯೂ ಇರಲಿಲ್ಲ, ಕೆರೆಯ ಹಾಗೆ ಸುಮ್ಮನಿತ್ತು. ನಾನು ನಾಲ್ಕು ಮಾರು ಹಿಂದೆ ಕೂತು ಚಪ್ಪಲಿಯ ಮರಳು ಕೊಡವುತ್ತಿದ್ದೆ. ತಲೆಯೆತ್ತಿದಾಗ ಅಕ್ಕನ ಬಲಗೈ ಮುಂದಕ್ಕೆ ನೆಟ್ಟಗೆ ಚಾಚಿತ್ತು. ಬಳೆಗಳು ಮಣಿಕಟ್ಟಿನಿಂದ ಮುಂದಕ್ಕೆ ಸರಿದು ಹೆಬ್ಬೆರಳಿನ ಬುಡಕ್ಕೆ ಒತ್ತಿ ನಿಂತಿದ್ದವು. ಅವಳು ತಿರುಗಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಭಯ ಇರಲಿಲ್ಲ. ಮದುವೆಮನೆಯಲ್ಲಿ ಗುರುತಿಲ್ಲದವರು ಕೈ ಹಿಡಿದು ಊಟಕ್ಕೆ ಎಳೆದರೆ ಆಗುತ್ತದಲ್ಲ, ಅಂಥ ಸಂಕೋಚ ಇತ್ತು. "ಬಿಡಿ, ಬರ್ತೀನಿ, ಬಿಡಿ" ಅಂದಳು. ನನಗೆ ಹೇಳಿದ್ದಲ್ಲ ಅದು. ಹೇಳುತ್ತಲೇ ಬಂಡೆಯಿಂದ ಜಾರಿ ನೀರಿಗೆ ಹೋದಳು.

ನಾನು ಓಡಿ ಅವಳ ಸೊಂಟಕ್ಕೆ ಕೈ ಹಾಕಿದೆ. ಜಾರಿ ಬಿದ್ದವರನ್ನು ಎತ್ತುವುದು ಬೇರೆ, ಇದು ಬೇರೆ. ಅವಳ ಮೈಯ ಆ ತುದಿಯಲ್ಲಿ ಇನ್ನೊಂದು ಬಲ ಇತ್ತು. ನಾನು ಎಳೆದಷ್ಟೂ ಅದು ಎಳೆಯಿತು. ಸೀರೆ ಹರಿದು ಕೈಗೆ ಬಂತು. ಎಡತೋಳು ಹಿಡಿದೆ, ಅದು ಜಾರಿತು. ಕೊನೆಗೆ ಅವಳ ತುರುಬಿಗೆ ಕೈ ಹಾಕಿ ಜಗ್ಗಿದೆ. ನಾನು ಚಿಕ್ಕವಳಿದ್ದಾಗ ನನಗೆ ತಲೆ ಬಾಚಿ ಜಡೆ ಹಾಕಿದ ಅಕ್ಕನ ಕೂದಲನ್ನು ಕೈಗೆ ಸುತ್ತಿಕೊಂಡು, ಬೀದಿಜಗಳದ ಹೆಂಗಸಿನ ಹಾಗೆ ಜಗ್ಗಿದೆ. ಕೂದಲು ಕಿತ್ತು ಬಂತು. ಅವಳ ಮುಖ ನೀರೊಳಗೆ ಹೋಯಿತು, ಎದ್ದಿತು, ಮತ್ತೆ ಹೋಯಿತು. ಬಂಡೆಯ ಮೇಲಿನ ಚಿಪ್ಪುಗಳು ಕುಯ್ದು ನನ್ನ ಮೊಣಕಾಲು, ಅವಳ ಹಣೆ, ಎಲ್ಲ ರಕ್ತ. ಮೊಣಕಾಲುದ್ದ ನೀರಿನಲ್ಲಿ ನನ್ನ ಅಕ್ಕ ನನ್ನ ಕಣ್ಣೆದುರಿಗೇ ಸಾಯುತ್ತಿದ್ದಳು.

ಆಗ ನನಗೆ ಹೊಳೆದದ್ದು ಬಳೆ. ಏಕೆ ಹೊಳೆಯಿತು ಎಂದು ಕೇಳಬೇಡಿ, ಅದನ್ನು ನಂಬದವಳಿಗೆ ಅದೇ ಹೊಳೆಯಿತು. ಅವಳ ಮುಂಗೈ ಒಂದು ಬಂಡೆಯ ಅಂಚಿನ ಮೇಲೆ ಬಿಗಿಯಾಗಿ ಕೂತಿತ್ತು. ಎಡಗೈಯಿಂದ ಅದನ್ನು ಒತ್ತಿ ಹಿಡಿದು, ಬಲಗೈಗೆ ಸಿಕ್ಕ ಕಲ್ಲು ಎತ್ತಿದೆ. ಅಷ್ಟರಲ್ಲಿ ಅಕ್ಕನ ಮುಖ ಮೇಲೆ ಬಂತು. ಬಾಯಲ್ಲಿ ಉಪ್ಪುನೀರು, ಆದರೂ ಮಾತು ಸ್ಪಷ್ಟವಾಗಿತ್ತು.

"ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ. ಅವರು ಅಲ್ಲಿ ಮಲಗಿದ್ದಾರೆ. ಬಳೆ ಒಡೀಬೇಡ."

ನನ್ನನ್ನು ಕಾಪಾಡು ಅನ್ನಲಿಲ್ಲ ಅವಳು, ಬಳೆ ಒಡೆಯಬೇಡ ಅಂದಳು. ನಾನು ಹೊಡೆದೆ. ಮೊದಲ ಏಟಿಗೆ ಎರಡು ಒಡೆದವು, ಕಿರುಚಿಕೊಂಡಳು. ಮತ್ತೆ ಹೊಡೆದೆ. ಅವಳ ಹಲ್ಲು ನನ್ನ ಭುಜದಲ್ಲಿ ನಾಟಿತು. ಯಾರೋ ಹಿಂದಿನಿಂದ ನನ್ನ ನಡು ಹಿಡಿದು ಎಳೆಯುತ್ತಿದ್ದರು, ಈರಣ್ಣ ಓಡಿ ಬಂದಿದ್ದ. ಮೂರನೆಯ ಸಲ ಕಲ್ಲು ಬಿದ್ದಾಗ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕೊನೆಯ ಬಳೆ ಹೋಯಿತು. ಆ ಕ್ಷಣವೇ ಎಳೆತ ಬಿಟ್ಟುಹೋಯಿತು. ಹಗ್ಗ ತುಂಡಾದರೆ ಬೀಳುವ ಹಾಗೆ ನಾವು ಮೂವರೂ ಹಿಂದಕ್ಕೆ ಬಂಡೆಯ ಮೇಲೆ ಬಿದ್ದೆವು. ಈರಣ್ಣನ ತಲೆ ಒಡೆಯಿತು.

ಗೊರಾಯಿಯಿಂದ ಖಾರಿ ದಾಟಿಸಿ ಬೋರಿವಲಿಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಡಾಕ್ಟರು ಯಾರು ಹೊಡೆದದ್ದು ಎಂದು ಕೇಳಿದರು. ಬಂಡೆಯ ಮೇಲೆ ಬಿದ್ದಳು ಅಂದೆ. ಅವರು ಅಕ್ಕನ ಮುಂಗೈ ತೋರಿಸಿದರು. ಮಣಿಕಟ್ಟಿನ ಮೇಲೆ ಐದು ಬೆರಳಿನ ಗುರುತು ನೀಲಿಗಟ್ಟಿ ಎದ್ದಿತ್ತು. ಒತ್ತಿ ಹಿಡಿದವಳು ನಾನೇ ಅಲ್ಲವೇ, ನನ್ನದೇ ಇರಬೇಕು ಎಂದು ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ನನ್ನ ಬೆರಳು ಆ ಗುರುತಿನ ಅರ್ಧಕ್ಕೆ ನಿಂತವು. ಊತ ಬಂದರೆ ಗುರುತು ದೊಡ್ಡದಾಗಿ ಕಾಣುತ್ತದೆ ಎಂದರು ಡಾಕ್ಟರು. ಇರಬಹುದು. ಆಮೇಲೆ ಪ್ಲಾಸ್ಟರ್ ಹಾಕಿದರು, ಅದನ್ನು ಬಿಚ್ಚುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಈರಣ್ಣನಿಗೆ ನಾನು ನಂತರ ಫೋನ್ ಮಾಡಿದೆ. ನೀನು ನನ್ನನ್ನು ಎಳೆಯುವಾಗ ಆ ಕಡೆ ಭಾರ ಇತ್ತಲ್ಲವೇ ಎಂದು ಕೇಳಿದೆ. ತಾನು ಏನೂ ನೋಡಿಲ್ಲ ಎಂದು ಫೋನ್ ಇಟ್ಟ.

ಭಾವ ಆ ತಿಂಗಳೊಳಗೆ ತೀರಿಕೊಂಡರು. ಡಿಸ್ಚಾರ್ಜಿನ ಮಾತು ನಡೆಯುತ್ತಿದ್ದಾಗ ಸೋಂಕು ತಗುಲಿ ಜ್ವರ ಬಂತು, ಇಳಿಯಲೇ ಇಲ್ಲ. ಆಪರೇಷನ್ ಆದವರಿಗೆ ಹೀಗಾಗುವುದುಂಟು, ನನ್ನ ಕಚೇರಿಯ ಕಾಗದಗಳಲ್ಲಿ ಎಷ್ಟು ಸಲ ಓದಿಲ್ಲ. ಮೈಸೂರಿನಲ್ಲಿ ಶಾಸ್ತ್ರದ ದಿನ, ಹಿರಿಯ ಹೆಂಗಸರು ಬಳೆ ತೆಗೆಯಲು ಅಕ್ಕನ ಮುಂದೆ ಕೂತರು. ನಾನು ಇದೆಲ್ಲ ಬೇಡ ಎಂದು ಜಗಳಕ್ಕೆ ನಿಂತೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

"ಎಡಗೈದು ತೆಗೀರಿ. ಬಲಗೈದು ಇವಳು ಆವತ್ತೇ ಮುಗಿಸಿದ್ದಾಳೆ," ಅಂದಳು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಬಳೆ ಒಡೆದರೆ ಗಂಡ ಸಾಯುತ್ತಾನೆ ಎನ್ನುವುದು ಶುದ್ಧ ಮೂಢನಂಬಿಕೆ, ಅದನ್ನು ನಾನು ಯಾರ ಎದುರಿಗೆ ಬೇಕಾದರೂ ನಿಂತು ಹೇಳಬಲ್ಲೆ. ಆದರೆ ಹಾಗೆ ಹೇಳಿದರೆ ನೀರಿನಲ್ಲಿ ಅವಳ ಕೈಯನ್ನು ಯಾರೂ ಹಿಡಿದಿರಲಿಲ್ಲ ಎಂದೂ ಹೇಳಬೇಕಾಗುತ್ತದೆ. ಆಗ ನಾನು ಮಾಡಿದ್ದೇನು? ಮೊಣಕಾಲುದ್ದ ನೀರಿನಲ್ಲಿ ಬಿದ್ದ ಒಡಹುಟ್ಟಿದವಳ ಕೈಯನ್ನು ಸುಮ್ಮಸುಮ್ಮನೆ ಕಲ್ಲಿನಿಂದ ಜಜ್ಜಿದೆ. ಇಲ್ಲ, ಹಿಡಿದಿತ್ತು, ನಾನು ಬಿಡಿಸಿದೆ ಎನ್ನೋಣವೆಂದರೆ ಆ ಬಳೆಗಳಿಗೆ ಶಕ್ತಿ ಇತ್ತೆಂದು ಒಪ್ಪಿದ ಹಾಗಾಯಿತು. ಆಗ ಭಾವನನ್ನು ಕೊಂದವಳು ನಾನು. ಎಷ್ಟು ಸಲ ತಿರುಗಿಸಿ ಹಾಕಿದರೂ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ.

ಹೋದ ದೀಪಾವಳಿಗೆ ಮೈಸೂರಿಗೆ ಹೋಗಿದ್ದೆ. ಅಕ್ಕನ ಬಲಗೈ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿದೆ, ಸಾರಿನ ಸೌಟು ಹಿಡಿದರೆ ಅಲುಗುತ್ತದೆ. ನನಗೆ ಬಡಿಸಿದಳು, ಇನ್ನು ಸ್ವಲ್ಪ ಹಾಕಿಕೋ ಅಂದಳು, ಅದಕ್ಕಿಂತ ಹೆಚ್ಚು ಮಾತಿಲ್ಲ. ಎಲ್ಲರೂ ಎದ್ದ ಮೇಲೆ ಅಡಿಗೆಮನೆಯಲ್ಲಿ ಅವಳ ಹತ್ತಿರ ಹೋಗಿ ನಿಂತೆ. ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ. ಆವತ್ತು ನಿನ್ನನ್ನು ಯಾರಾದರೂ ಎಳೆದರಾ, ಅದೊಂದನ್ನು ಹೇಳಿಬಿಡು ಅಕ್ಕ ಅಂದೆ. ಅವಳು ಪಾತ್ರೆ ಒರೆಸುತ್ತಲೇ ಇದ್ದಳು.

"ಎಳೆದಿದ್ದರೆ ಹೋಗ್ತಿದ್ದೆ. ಮುತ್ತೈದೆಯಾಗಿ ಹೋಗ್ತಿದ್ದೆ," ಅಂದಳು.

ಅದು ಹೌದು ಎಂದದ್ದೋ, ಅಲ್ಲ ಎಂದದ್ದೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯವೂ ಇಲ್ಲ.