ಬೆಳ್ಳಿ ನಡೆದ ಬಿಲ್ಲೆ

ಮಾರಿವೋನ್ ಶಾಬ್ರಲಿಗೆ ನಮ್ಮ ಸಂಸ್ಥೆಯವರು ಒಂದು ಹೆಸರು ಬಾಕಿ ಇಟ್ಟುಕೊಂಡಿದ್ದಾರೆ. ಅವಳದೇ ಹೆಸರು. ಬರುವ ತಿಂಗಳು ಅವಳ ನಿವೃತ್ತಿ. ಅಷ್ಟರೊಳಗೆ ಅದು ಅಚ್ಚಾಗಬೇಕು.

ಫ್ರಾನ್ಸಿನ ಲಿಮೋಜ್ ಊರಿನ ಈ ಪಿಂಗಾಣಿ ಸಂಶೋಧನಾಲಯದಲ್ಲಿ ಮೂವತ್ತೊಂದು ವರ್ಷದಿಂದ ಕುಲುಮೆ ನೋಡಿಕೊಳ್ಳುವವಳು ಅವಳು. ಅಲ್ಯೂಮಿನಾ ಪುಡಿಗೆ ಜಿರ್ಕೋನಿಯಾದ ನ್ಯಾನೋ ಕಣ ಬೆರೆಸಿ, ಒತ್ತಿ, ಸುಟ್ಟು, ಒಂದು ಯೂರೋ ನಾಣ್ಯದಷ್ಟು ಬಿಲ್ಲೆ ಮಾಡುತ್ತಾಳೆ. ಎರಡು ಮುಖಕ್ಕೂ ಲೋಹದ ಲೇಪ ಹಚ್ಚಿ, ತಂತಿ ಮುಟ್ಟಿಸಿ, ನಿಮಿಷಕ್ಕೆ ಎರಡು ಡಿಗ್ರಿಯಂತೆ ಕಾಯಿಸುತ್ತಾಳೆ. ಕಾದ ಬಿಲ್ಲೆ ಎಷ್ಟು ವಿದ್ಯುತ್ತನ್ನು ಹಿಡಿದಿಡುತ್ತದೆ, ಎಷ್ಟನ್ನು ಸೋರಲು ಬಿಡುತ್ತದೆ ಎಂದು ಅಳೆಯುವುದೇ ಇಲ್ಲಿನ ಕೆಲಸ. ಅವಳಿಗೆ ಪದವಿಯಿಲ್ಲ. ಅವಳ ತಾಯಿ ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳ ಅಂಚಿಗೆ ಚಿನ್ನ, ಬೆಳ್ಳಿ ಬಳಿಯುತ್ತಿದ್ದವಳು. ಮಾರಿವೋನ್ ಕಲಿತದ್ದೆಲ್ಲ ಆ ತಾಯಿಯ ಪಕ್ಕ ನಿಂತು.

ಕಳೆದ ಜೂನಿನ ಒಂದು ಶುಕ್ರವಾರ ಡಾಕ್ಟರ್ ಗುಲ್ವೆನ್ ಕೆರ್ಬ್ರಾ ಕಾಗದ ಹಿಡಿದು ಓಡಿಬಂದ. ಮೂವತ್ತೈದರ ಗುತ್ತಿಗೆ ಸಂಶೋಧಕ. ಏಳುನೂರೈವತ್ತು ಡಿಗ್ರಿ ದಾಟುತ್ತಲೇ ಕಾಗದದ ಮೇಲೆ ಅವನ ಅಳತೆಯ ಗೆರೆ ಗೋಡೆ ಹತ್ತಿದಂತೆ ಏರಿತ್ತು.

"ಮದಾಂ, ನೋಡಿ! ಹಿಡಿದಿಡೋ ಶಕ್ತಿ ನೂರು ಪಟ್ಟು! ಇನ್ನು ನನ್ನ ಕೆಲ್ಸ ಖಾಯಂ!"

ಮಾರಿವೋನ್ ಕಾಗದ ನೋಡಲಿಲ್ಲ. ಅವನು ಅಳೆದಿದ್ದ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಲೇಪದ ಅಂಚಿನಾಚೆ ತೆಳುವಾದ ಹಳದಿ ಹರಡಿತ್ತು.

"ಕೂತ್ಕೊಳ್ಳಿ ಡಾಕ್ಟ್ರೇ."

"ಯಾಕೆ, ಯಾರಾದ್ರೂ ಸತ್ರಾ?"

"ನಿಮ್ಮ ಗೆರೆ ಸತ್ತಿದೆ. ಬೆಳ್ಳಿ ನಡೆದಿದೆ."

ಅದು ತಟ್ಟೆಗೆ ಬಣ್ಣ ಬಳಿಯುವ ಹೆಂಗಸರ ಮಾತು. ಬಿಸಿ ಹೆಚ್ಚಾದರೆ ಬೆಳ್ಳಿ ಬಳಿದ ಜಾಗ ಬಿಟ್ಟು ಪಕ್ಕಕ್ಕೆ ನುಸುಳುತ್ತದೆ, ಹಳದಿ ಕಲೆ ಬಿಡುತ್ತದೆ, ತಟ್ಟೆ ಕಸಕ್ಕೆ ಹೋಗುತ್ತದೆ. ಅಷ್ಟು ಬಿಸಿಗೂ ಕದಲದ ಪ್ಲಾಟಿನಂ ಮುಗಿಯಿತೆಂದು ಕೆರ್ಬ್ರಾ ತಾನೇ ಬೆಳ್ಳಿ ಲೇಪ ಹಚ್ಚಿದ್ದ.

"ಕಣಗಳ ಸಂದೀಲಿ ಬೆಳ್ಳಿ ಓಡಾಡ್ತಿದೆ. ನೀವು ಅಳೆದದ್ದು ಅದನ್ನ, ಬಿಲ್ಲೇನಲ್ಲ."

ಅವನು ಕಾಗದವನ್ನು ಕೆಳಗಿಟ್ಟ. "ಸೋಮವಾರ ಎಲ್ಲರ ಮುಂದೆ ಇದನ್ನೇ ತೋರಿಸ್ತಿದ್ದೆ."

"ಅದಕ್ಕೇ ಇವತ್ತೇ ಹೇಳಿದ್ದು, ಕತ್ತೆ." ತನ್ನ ಡಬ್ಬಿಯಿಂದ ಬೀಜ ಬಿಡಿಸದ ಚೆರ್ರಿ ಹಾಕಿ ಸುಟ್ಟ ಕ್ಲಾಫೂತಿ ಕೇಕಿನ ದೊಡ್ಡ ತುಂಡು ತೆಗೆದು ಅವನ ಮುಂದಿಟ್ಟಳು. "ತಿನ್ನಿ. ಬೀಜ ಉಗುಳಿ, ಅದನ್ನೂ ನುಂಗ್ಬೇಡಿ."

ಶನಿವಾರ, ಭಾನುವಾರ ಎರಡೂ ರಜೆ ಬಿಟ್ಟು ಬಂದಳು. ಹಳೆಯ ಸೀಸೆಗಳ ತಳದಲ್ಲಿ ಅಂಟಿದ್ದ ಪ್ಲಾಟಿನಂ ಲೇಪ ಕೆರೆದು ಹೊಸ ಬಿಲ್ಲೆಗೆ ಹಚ್ಚಿದಳು. ಹೊಸ ಗೆರೆ ಏನೂ ಹಾರಾಡಲಿಲ್ಲ. ಒಂಬೈನೂರರವರೆಗೂ ಸೋರಿಕೆ ತೀರ ಕಡಿಮೆ, ಅಷ್ಟೇ. ಆದರೆ ಅದು ನಿಜ. ವಿಜ್ಞಾನ ಪತ್ರಿಕೆಯವರು ಒಪ್ಪಿದ್ದು ಆ ಪ್ರಬಂಧವನ್ನೇ.

ಕೆರ್ಬ್ರಾ ಲೇಖಕರ ಸಾಲಿನಲ್ಲಿ ಅವಳ ಹೆಸರು ಬರೆದ. ನಿರ್ದೇಶಕರು ಹೊಡೆದುಹಾಕಿದರು. ಕೊನೆಯಲ್ಲಿ "ತಾಂತ್ರಿಕ ಸಿಬ್ಬಂದಿಗೆ ವಂದನೆ" ಎಂದಿದೆಯಲ್ಲ, ಸಾಕಂತೆ.

"ಹಾಗಾದ್ರೆ ನನ್ನ ಹೆಸರೂ ತೆಗೀರಿ ಅಂತೀನಿ," ಎಂದ ಕೆರ್ಬ್ರಾ.

"ಹುಚ್ಚಪ್ಪಾ, ನಿನ್ನ ಗುತ್ತಿಗೆ ಇನ್ನೂ ಅವರ ಕೈಲಿದೆ. ಸುಮ್ನಿರು." ಅವನ ಕೋಟಿನ ತೋಳಿನ ಪುಡಿ ಒರೆಸಿದಳು. "ಆಸೆ ಇತ್ತು ಕಣೋ, ಇಲ್ಲಾಂತ ಹೇಳಲ್ಲ. ನಮ್ಮಮ್ಮ ಬಳಿದ ಯಾವ ತಟ್ಟೆ ಹಿಂದೇನೂ ಅವಳ ಹೆಸರಿಲ್ಲ."

ಅಚ್ಚಿನ ಕರಡು ಈ ತಿಂಗಳ ಹದಿನೈದರವರೆಗೆ ತಿದ್ದಲು ತೆರೆದಿರುತ್ತದೆ. ಲೇಖಕರ ಸಾಲಿಗೆ ಅವಳ ಹೆಸರು ಸೇರಿಸಿ ಎಂದು ನಾವು ಹನ್ನೊಂದು ಮಂದಿ ಸಹೋದ್ಯೋಗಿಗಳು ಸಹಿ ಹಾಕಿದ್ದೇವೆ, ಅವಳು ಬೇಡವೆಂದರೂ ಕೇಳದೆ ಕೆರ್ಬ್ರಾನೂ ಹಾಕಿದ. ಓದಿ ಅಯ್ಯೋ ಪಾಪ ಅನ್ನುವುದು ಬೇಡ. ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇವೆ. ನಿಮ್ಮ ಸಹಿ ಹಾಕಿ, ಹರಿದು, ನಿರ್ದೇಶಕರಿಗೆ ಕಳುಹಿಸಿ.