ಎಫಿಶಿಯೆನ್ಸಿ ಅರವತ್ತೇಳು

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಪಂಪ್ ಪರೀಕ್ಷಿಸುವ ದೊಡ್ಡದೊಂದು ಯಂತ್ರವಿದೆ. ಅದರ ಮೇಲೆ ಸದಾ ನೀಲಿ ಹೊದಿಕೆ. ಆಯುಧಪೂಜೆಯ ದಿನ ಮಾತ್ರ ಹೊದಿಕೆ ತೆಗೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಮುಚ್ಚುತ್ತಾರೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಬಂದ ಮಕ್ಕಳು ಅದನ್ನು ಮುಟ್ಟುವಂತಿಲ್ಲ.

ನಾನು ಇಲ್ಲೇ ಓದಿ ಇಲ್ಲೇ ಮೇಷ್ಟ್ರಾದವನು. ಯಂತ್ರ ಬಿಟ್ಟುಕೊಡಿ ಎಂದು ವಿಭಾಗದ ಮುಖ್ಯಸ್ಥರನ್ನು ಎಷ್ಟು ಸಲ ಕೇಳಿದೆನೋ. "ಕೆಟ್ರ ಜವಾಬ್ದಾರಿ ಯಾರ್ದ್ರಿ? ನೀವು ತಗೋತೀರೇನು?" ಎಂಬ ಒಂದೇ ಉತ್ತರ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹಾಗಾದರೆ ಪ್ರಾಕ್ಟಿಕಲ್ ಹೇಗೆ ನಡೆಯುತ್ತಿತ್ತು? ಸೀನಿಯರ್‌ಗಳ ಜರ್ನಲ್ ನೋಡಿ ಜೂನಿಯರ್‌ಗಳು ಬರೆಯುತ್ತಿದ್ದರು. ಪಂಪು ತಿಂದ ಕರೆಂಟಿನಲ್ಲಿ ನೂರಕ್ಕೆ ಎಷ್ಟು ಪಾಲು ನೀರೆತ್ತುವುದಕ್ಕೆ ಬಂತು ಎನ್ನುವುದೇ ಎಫಿಶಿಯೆನ್ಸಿ. ಎಲ್ಲರ ಜರ್ನಲಿನಲ್ಲೂ ಅದು ಅರವತ್ತೇಳು. ಹೋದ ವರ್ಷವೂ ಅರವತ್ತೇಳು, ಈ ವರ್ಷವೂ ಅರವತ್ತೇಳು. ಬರೆಯುವವರಿಗೆ, ಸಹಿ ಹಾಕುವವರಿಗೆ, ಯಾರಿಗೂ ನಾಚಿಕೆಯಿಲ್ಲ.

ಕಡೆಗೆ ತಲೆ ಕೆಟ್ಟು, ನಾವೇ ಒಂದು ಲ್ಯಾಬ್ ಕಟ್ಟೋಣ ಎಂದು ಮಕ್ಕಳನ್ನು ಕರೆದುಕೊಂಡು ಹೊರಟೆ. ಗಂಗಾವತಿಯ ಗುಜರಿ ಅಂಗಡಿಯಲ್ಲಿ ಎಣ್ಣೆಯ ಡ್ರಮ್ಮು ಮತ್ತು ಚಕ್ರ ತಿರುಗುವ ಹಳೆಯ ಕರೆಂಟ್ ಮೀಟರ್ ಸಿಕ್ಕವು. ಶ್ರೀರಾಮನಗರದ ಅಕ್ಕಿ ಗಿರಣಿಯವರು ಬಾಯ್ಲರಿನಿಂದ ಕಳಚಿಟ್ಟಿದ್ದ ಪ್ರೆಶರ್ ಗೇಜ್ ಕೊಟ್ಟರು. ಸಿದ್ದಾಪುರದ ವಿದ್ಯಾರ್ಥಿನಿಯೊಬ್ಬಳು ಮನೆಯವರು ಗದ್ದೆಯಲ್ಲಿ ಬಿಚ್ಚಿಟ್ಟಿದ್ದ ಪಂಪನ್ನು ಟಂಟಂ ಆಟೊದಲ್ಲಿ ಹೇರಿಕೊಂಡು ಬಂದಳು. ಮುಖ್ಯಸ್ಥರು ಬಾಗಿಲಲ್ಲೇ ನಿಂತು, "ಇದು ಲ್ಯಾಬೇನ್ರಿ, ಗುಜರಿ ಅಂಗಡೇನ್ರಿ?" ಎಂದು ನಕ್ಕರು. ನನ್ನ ಮೈಯೆಲ್ಲ ಉರಿಯಿತು.

ಆ ಹುಡುಗಿ ಸ್ಟಾಪ್‌ವಾಚ್ ಹಿಡಿದು ಡ್ರಮ್ಮು ತುಂಬುವ ಹೊತ್ತು ಅಳೆದಳು, ಗೇಜ್ ನೋಡಿದಳು, ಮೀಟರಿನ ಸುತ್ತು ಎಣಿಸಿದಳು. ಲೆಕ್ಕ ಮಾಡಿದರೆ ಮೂವತ್ತೆಂಟು. ಮೂರು ಸಲ ಮಾಡಿಸಿದೆ, ಮೂವತ್ತೆಂಟೇ. ಪಂಪು ಬಿಚ್ಚಿ ನೋಡಿದರೆ ಒಳಗೆ ನೀರು ತಳ್ಳುವ ರೆಕ್ಕೆಗಳು ಕಾಲುವೆಯ ಮರಳಿಗೆ ಸವೆದು ಮೊಂಡಾಗಿದ್ದವು.

"ಅದಕ್ಕ ನೀರು ಸಾಲ್ತಿದ್ದಿಲ್ರಿ ಸರ್! ನಮ್ಮಪ್ಪ ಸುಮ್ನ ಕರೆಂಟ್‌ನವರಿಗೆ ಬೈತಿದ್ದ," ಎಂದಳು. ಅಷ್ಟು ವರ್ಷ ಪಾಠ ಹೇಳಿದ್ದಕ್ಕೆ ನನಗೆ ಅವತ್ತು ಸಾರ್ಥಕವೆನಿಸಿತು.

ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದರು. ಉಳಿದ ಮಕ್ಕಳು ನಮ್ಮ ಪಂಪಿನ ಮೇಲೇ ಕಲಿತಿದ್ದರೂ ಹೆದರಿ ಜರ್ನಲಿನಲ್ಲಿ ಅರವತ್ತೇಳೇ ಬರೆದಿದ್ದರು. ಇವಳೊಬ್ಬಳು ಮೂವತ್ತೆಂಟು ಬರೆದಿದ್ದಳು.

"ಎಲ್ಲಾರ್ದೂ ಅರವತ್ತೇಳು ಬಂದೈತಿ, ನಿಂದ್ಯಾಕ ಹಿಂಗ?" ಎನ್ನುತ್ತಾ ಪರೀಕ್ಷಕರು ಪುಟಕ್ಕೆ ಕೆಂಪು ಗೀಟು ಎಳೆದರು.

"ನಮ್ಮ ಪಂಪು ಇರೋದ ಅಷ್ಟ್ರಿ ಸರ್. ಸುಳ್ಳು ಬರೀಲೇನ್ರಿ?"

"ಎದುರು ಮಾತಾಡಬ್ಯಾಡ. ಫೇಲ್ ಆಗ್ತಿ ನೋಡು."

ಫೇಲಾದರೆ ಮುಂದಿನ ವರ್ಷವೇ ಮತ್ತೆ ಪರೀಕ್ಷೆ ಕಟ್ಟಬೇಕು. ನಿಜ ಬರೆದವಳೊಬ್ಬಳಿಗೇ ಶಿಕ್ಷೆ! ಮುಖ್ಯಸ್ಥರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆ ಹುಡುಗಿ ನನ್ನತ್ತ ನೋಡಿದಳು.

ಇಷ್ಟು ಹೊತ್ತು ಎಲ್ಲರನ್ನೂ ಬೈದೆನಲ್ಲ, ಈಗ ನನ್ನ ಸರದಿ. "ಸರ್, ಆ ಅರವತ್ತೇಳು ನಂದ್ರಿ," ಎಂದೆ. ನಾನು ವಿದ್ಯಾರ್ಥಿಯಾಗಿದ್ದಾಗ ಯಂತ್ರ ಮುಟ್ಟಲು ಒಂದೇ ಒಂದು ದಿನ ಬಿಟ್ಟಿದ್ದರು. ಅವತ್ತೇ ಕರೆಂಟ್ ಹೋಗಿತ್ತು. ಸಂಜೆಯೊಳಗೆ ಜರ್ನಲ್ ಕೊಡಬೇಕಿತ್ತು. ನನ್ನ ರೋಲ್ ನಂಬರ್ ಅರವತ್ತೇಳು. ಅದನ್ನೇ ಉತ್ತರವಾಗಿ ಬರೆದು, ಅದಕ್ಕೆ ಹೊಂದುವಂತೆ ಉಳಿದ ಅಂಕಿಗಳನ್ನು ಕೂರಿಸಿದೆ. ಗೆಳೆಯರು ನನ್ನದನ್ನು ನೋಡಿ ಬರೆದರು. ಆಮೇಲೆ ಮೇಷ್ಟ್ರಾಗಿ ಬಂದು ಅದೇ ಅರವತ್ತೇಳರ ಕೆಳಗೆ ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡು ನಾನೇ ಸಹಿ ಹಾಕಿದೆ.

ಇದನ್ನೆಲ್ಲ ಎಲ್ಲರೆದುರು ಹೇಳಿ, ಪಂಪಿನ ಸ್ವಿಚ್ ಒತ್ತಿ, ಪರೀಕ್ಷಕರ ಕೈಗೆ ಸ್ಟಾಪ್‌ವಾಚ್ ಕೊಟ್ಟೆ. ಡ್ರಮ್ಮು ತುಂಬಿತು. ಅವರೇ ಲೆಕ್ಕ ಹಾಕಿದರು. ಮೂವತ್ತೆಂಟು. ಕೆಂಪು ಗೀಟನ್ನು ಹೊಡೆದುಹಾಕಿ ಅವಳಿಗೆ ಪೂರ್ತಿ ಅಂಕ ಕೊಟ್ಟರು.

ಹೊರಗೆ ಬಂದಾಗ ಅವಳು ಕಾಯುತ್ತಿದ್ದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡೆ. ಅವಳು ಹೇಳಿದ್ದು ಇಷ್ಟೇ:

"ಕರೆಂಟ್ ಇದ್ದಿಲ್ಲಂದ್ರ, ಇದ್ದಿಲ್ಲ ಅಂತ ಬರೀಬೇಕಿತ್ತಲ್ರಿ ಸರ್."